ಸ್ಪೀಡ್ ಕೇಳುವ ಮುಂಚೆ ಲೈನ್‌ಮನ್ ಯಾರು ಅಂತ ಕೇಳಿ

ಮನೆಗೆ ಮೊದಲ ಸಲ ಇಂಟರ್ನೆಟ್ ಹಾಕಿಸುವವರ ಪತ್ರಗಳೇ ಈ ತಿಂಗಳು ಜಾಸ್ತಿ ಬಂದಿವೆ. ಮಳೆಗಾಲ ಹತ್ತಿರ ಬಂತು, ಶಾಲೆ ಶುರುವಾಗುತ್ತಿದೆ. ಹೊರಗೆ ಕೆಲಸಕ್ಕಿರುವ ಮಕ್ಕಳೂ ‘ವೈಫೈ ಇದ್ದರೆ ಊರಿನಲ್ಲೇ ಇನ್ನೊಂದು ವಾರ ಇರುತ್ತೇನೆ’ ಅನ್ನುತ್ತಾರೆ. ನಾನು ಕೆಲಸದಲ್ಲಿದ್ದಾಗ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಫೋನ್ ಕೆಟ್ಟರೆ ಮಾಡುವ 198 ನಂಬರಿಗೆ ಬರುವ ದೂರು ಬರೆದುಕೊಂಡು, ಲೈನ್‌ಮನ್‌ಗಳನ್ನು ಕಳಿಸುವ ಕಡೆಯೇ ಹೆಚ್ಚು ಕೂತವಳು. ಹಾಗಾಗಿ ನನ್ನ ಉತ್ತರಗಳೆಲ್ಲ ದೂರಿನ ಕಡೆಯಿಂದಲೇ ಶುರುವಾಗುತ್ತವೆ.

ಪ್ರಶ್ನೆ: ಮೇಡಂ, ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ರಸ್ತೆಯಿಂದ ಮನೆಗೆ ಅಡಿಕೆ ತೋಟದ ಒಳಗೆ 400 ಮೀಟರ್ ಇದೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಳ್ಳೆ ಇಂಟರ್ನೆಟ್ ಇದ್ದರೆ ಮಳೆಗಾಲ ಪೂರ್ತಿ ಇಲ್ಲಿಂದಲೇ ಕೆಲಸ ಮಾಡುತ್ತೇನೆ ಅನ್ನುತ್ತಾನೆ. ನಮಗೆ ಮೂರು ದಾರಿ ಇದೆ. ಬಿಎಸ್ಎನ್ಎಲ್ ಫೈಬರ್ ಕೊಡುವ ಫ್ರಾಂಚೈಸಿ, ಟಿವಿ ಕೇಬಲ್‌ನವರ ಫೈಬರ್, ಮತ್ತೆ ಮಾಡಿನ ಮೇಲೆ ಡಬ್ಬಿ ಇಡುವ 5ಜಿ. ಕೇಬಲ್‌ನವರು 200 ಎಂಬಿಪಿಎಸ್ ಅನ್ನುತ್ತಾರೆ, ಫ್ರಾಂಚೈಸಿಯವರು 60 ಅನ್ನುತ್ತಾರೆ. ದುಡ್ಡು ಹೆಚ್ಚುಕಡಿಮೆ ಒಂದೇ. ಯಾವುದು ಹಾಕಿಸಲಿ?
— ಒಬ್ಬ ತಂದೆ, ಹೊಸನಗರ ತಾಲೂಕು

ಎಂಬಿಪಿಎಸ್ ಅಂದರೆ ಇಂಟರ್ನೆಟ್ಟಿನ ಸ್ಪೀಡ್ ಅಳೆಯುವ ಲೆಕ್ಕ. 60 ಮತ್ತು 200ರ ಆ ಲೆಕ್ಕವನ್ನು ಮೊದಲು ಬದಿಗಿಡಿ. ನಿಮ್ಮ ಮಗನ ವಿಡಿಯೋ ಮೀಟಿಂಗ್‌ಗೆ ಬೇಕಾಗುವುದು 3-4 ಎಂಬಿಪಿಎಸ್. ಅದು ಬರುವ ಕಡೆಗೂ ಬೇಕು, ಹೋಗುವ ಕಡೆಗೂ ಬೇಕು. ಅವನ ಮುಖ, ಅವನ ಮಾತು ಇಲ್ಲಿಂದ ಹೋಗಬೇಕಲ್ವಾ? ಅಪ್‌ಲೋಡ್ ಎಷ್ಟು ಅಂತ ಇಬ್ಬರನ್ನೂ ಕೇಳಿಬಿಡಿ. ಅದು 20ರ ಮೇಲಿದ್ದರೆ ಅವನ ಕೆಲಸಕ್ಕೆ ಎರಡೂ ಸಾಕು.

ನಿಮ್ಮ ಆಯ್ಕೆ ನಿಂತಿರುವುದು ಬೇರೆ ಕಡೆ. ಮಲೆನಾಡಿನ ಮಳೆಗಾಲದಲ್ಲಿ ಮರ ಬೀಳುತ್ತದೆ, ವೈರು ತುಂಡಾಗುತ್ತದೆ. ಅದನ್ನು ಯಾರೂ ತಪ್ಪಿಸಲಾಗದು. ತುಂಡಾದ ಮೇಲೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದೇ ಮುಖ್ಯ. ತಾಮ್ರದ ಲೈನ್ ಇದ್ದ ಕಾಲದಲ್ಲಿ ತುಂಡಾದ ಎರಡು ತುದಿ ಹುಡುಕಿ, ಸುಲಿದು, ಹೊಸೆದು ಟೇಪ್ ಸುತ್ತಿದರೆ ಆ ಹೊತ್ತಿಗೆ ಫೋನ್ ರಿಂಗಾಗುತ್ತಿತ್ತು. ಫೈಬರ್ ಹಾಗಲ್ಲ. ಒಳಗಿರುವುದು ಗಾಜಿನ ಎಳೆ, ಅದರ ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ತುದಿಯನ್ನು ನೇರವಾಗಿ ಕತ್ತರಿಸಿ, ಎರಡನ್ನೂ ಎದುರುಬದುರು ಹಿಡಿದು, ಕಿಡಿ ಹಾಯಿಸಿ ಕರಗಿಸಿ ಅಂಟಿಸಬೇಕು. ಅದಕ್ಕೆ ಸ್ಪ್ಲೈಸಿಂಗ್ ಮಿಷನ್ ಬೇಕು.

ಹಾಗಾಗಿ ಇಬ್ಬರಿಗೂ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ಸ್ಪ್ಲೈಸಿಂಗ್ ಮಿಷನ್ ನಿಮ್ಮ ಹತ್ತಿರವೇ ಇದೆಯಾ, ಬೇರೆ ಕಡೆಯಿಂದ ತರಿಸುತ್ತೀರಾ?’ ಸಣ್ಣ ಊರುಗಳಲ್ಲಿ ಒಂದೇ ಮಿಷನ್ ಮೂರು ನಾಲ್ಕು ಜನರ ಕೈಯಲ್ಲಿ ಓಡಾಡುತ್ತಿರುತ್ತದೆ. ಗಾಳಿಮಳೆ ಬಂದ ದಿನ ಎಲ್ಲರಿಗೂ ಒಟ್ಟಿಗೆ ಬೇಕಾಗುತ್ತದೆ. ಆಗ ಸಾಲಿನಲ್ಲಿ ಕೊನೆಗೆ ನಿಲ್ಲುವುದು ತೋಟದೊಳಗಿನ ಒಂಟಿ ಮನೆ. ಎರಡನೆಯದು, ನಿಮ್ಮ ಕಡೆಯ ಲೈನ್ ನೋಡುವ ಹುಡುಗ ಯಾರು, ಅವನ ಮನೆ ಎಲ್ಲಿ? ಅವನ ನಂಬರ್ ತೆಗೆದುಕೊಳ್ಳಿ. ಆಫೀಸಿನ ನಂಬರ್ ಒಂದೇ ಸಾಲದು.

ಆಮೇಲೆ ಅಕ್ಕಪಕ್ಕದ ಮನೆಗಳಿಗೆ ಹೋಗಿ. ‘ಇಂಟರ್ನೆಟ್ ಚೆನ್ನಾಗಿದೆಯಾ?’ ಅಂತ ಕೇಳಬೇಡಿ, ಎಲ್ಲರೂ ‘ಪರವಾಗಿಲ್ಲ’ ಅನ್ನುತ್ತಾರೆ. ‘ಹೋದ ಆಷಾಢದಲ್ಲಿ ಎಷ್ಟು ದಿನ ಇರಲಿಲ್ಲ? ಫೋನ್ ಮಾಡಿದ ಮೇಲೆ ಯಾವಾಗ ಬಂದರು?’ ಅಂತ ಕೇಳಿ. ಮಳೆ ಜೋರಿದ್ದಾಗ ಲೈನ್ ಹೋಗಿ ಮರುದಿನ ಸರಿಯಾಗಿತ್ತು ಅಂದರೆ ನಿಮ್ಮ ಕಡೆಗೆ ಅದು ಒಳ್ಳೆ ಸೇವೆ. ‘ಹದಿನೈದು ದಿನ ಇರಲಿಲ್ಲ, ಆದರೆ ಇದ್ದಾಗ ಭಾರೀ ಸ್ಪೀಡು’ ಅಂದರೆ ಆ ಸ್ಪೀಡು ನಿಮ್ಮ ಮಗನ ಕೆಲಸ ಉಳಿಸುವುದಿಲ್ಲ.

ಇನ್ನು ಆ 400 ಮೀಟರ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಡೀ ಲೈನಿನಲ್ಲಿ ನಿಮ್ಮ ಕೈಯಲ್ಲಿರುವುದು ಇದೊಂದೇ. ವೈರು ಎಳೆಯಲು ಬಂದವರು ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು ಬರುತ್ತಾರೆ. ಅವರಿಗೆ ಅದು ಸುಲಭ, ಅರ್ಧ ದಿನದ ಕೆಲಸ. ಅಡಿಕೆ ಮರ ಗಾಳಿಗೆ ತೂಗುತ್ತದೆ. ಸೋಗೆ ಬಿದ್ದರೆ ಹಾಳೆ ಸಮೇತ ವೈರಿನ ಮೇಲೇ ಬೀಳುತ್ತದೆ. ಔಷಧಿ ಹೊಡೆಯುವಾಗ, ಕೊನೆ ಕೊಯ್ಯುವಾಗ ಮೇಲಿನಿಂದ ಹಗ್ಗ ಇಳಿಯುತ್ತದೆ, ದೋಟಿ ಆಡುತ್ತದೆ. ವೈರು ಹೊರಗೆ ಹಾಗೇ ಇದ್ದರೂ ಎಲ್ಲೋ ಒಂದು ಕಡೆ ಮಡಚಿಕೊಂಡರೆ ಸಾಕು, ಗಾಜಿನೊಳಗಿನ ಬೆಳಕು ಅಲ್ಲೇ ಸೋರಿಹೋಗುತ್ತದೆ. ಆಮೇಲೆ ತೋಟವಿಡೀ ಹುಡುಕಬೇಕು.

ನನ್ನ ಸಲಹೆ: ತೋಟಕ್ಕೆ ನೀರು ಬಿಡಲು ತರುವ ಕಪ್ಪು ಎಚ್‌ಡಿಪಿಇ ಪೈಪ್ ಇದೆಯಲ್ಲ, ಸಣ್ಣ ಅಳತೆಯದನ್ನು ಬೇಲಿ ಪಕ್ಕದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂಳಿ, ಅದರೊಳಗೆ ವೈರು ಎಳೆಸಿ. ಮೊದಲೇ ಪೈಪಿನೊಳಗೆ ಒಂದು ನೈಲಾನ್ ದಾರ ಹಾಕಿಟ್ಟರೆ ಎಳೆಯುವುದು ಸಲೀಸು. ಎಳೆದ ಮೇಲೆ ಇನ್ನೊಂದು ದಾರ ಅದರಲ್ಲೇ ಬಿಡಿ, ಮುಂದೆ ವೈರು ಬದಲಿಸಬೇಕಾದಾಗ ಅಗೆಯುವ ಕೆಲಸ ಉಳಿಯುತ್ತದೆ. ಖರ್ಚು ನಿಮ್ಮದೇ ಆಗುತ್ತದೆ, ನಿಜ. ಆದರೆ ಪೈಪ್ ನಿಮ್ಮದು. ನಾಳೆ ಕಂಪನಿ ಬದಲಿಸಿದರೂ ದಾರಿ ನಿಮ್ಮ ಹತ್ತಿರವೇ ಇರುತ್ತದೆ. ಹೂಳುವುದು ಆಗದಿದ್ದರೆ ಬೇಲಿಗುಂಟ ಗಟ್ಟಿ ಗೂಟ ಹಾಕಿ ತನ್ನಿ. ತೋಟದ ನಡುವೆ ಮಾತ್ರ ಬೇಡ.

ಮನೆ ಹತ್ತಿರ 15-20 ಮೀಟರ್ ಹೆಚ್ಚಿನ ವೈರನ್ನು ಅಗಲವಾಗಿ ಸುತ್ತಿ ಗೋಡೆಗೆ ತೂಗುಹಾಕಿಸಿ. ಮುಂದೆ ತುಂಡಾದರೆ ಎಳೆದು ಜೋಡಿಸಲು ಅದು ಬೇಕು. ಇಲ್ಲದಿದ್ದರೆ ನಡುವೆ ತುಂಡು ವೈರು ಸೇರಿಸಿ ಎರಡು ಕಡೆ ಜಾಯಿಂಟ್ ಮಾಡಬೇಕಾಗುತ್ತದೆ. ಪ್ರತಿ ಜಾಯಿಂಟ್‌ನಲ್ಲೂ ಸ್ವಲ್ಪ ಬೆಳಕು ಹೋಗುತ್ತದೆ.

ಕೊನೆಗೆ ಕನೆಕ್ಷನ್ ಕೊಟ್ಟ ದಿನ ‘ಪವರ್ ಎಷ್ಟು ಬಂತು?’ ಅಂತ ಕೇಳಿ. ಅವರ ಕೈಯಲ್ಲಿ ಫೈಬರಿನ ಬೆಳಕು ಅಳೆಯುವ ಸಣ್ಣ ಮೀಟರ್ ಇರುತ್ತದೆ. ಅದು ಮೈನಸ್ ಲೆಕ್ಕದಲ್ಲಿ ತೋರಿಸುತ್ತದೆ, ಡಿಬಿಎಂ ಅಂತ. ಮೈನಸ್ 18, 20 ಅಂದರೆ ಚೆನ್ನಾಗಿದೆ. ಮೈನಸ್ 26 ಅಂದರೆ ಅಂಚಿನಲ್ಲಿದೆ. 27 ದಾಟಿದರೆ ಮನೆಯೊಳಗೆ ಇಡುವ ಫೈಬರ್ ಡಬ್ಬಿಗೆ (ಮೋಡೆಮ್‌ಗೆ) ಬೆಳಕು ಹಿಡಿಯುವುದೇ ಕಷ್ಟ. ಪ್ರತಿ 3 ಅಂಕಿಗೆ ಬೆಳಕು ಅರ್ಧಕ್ಕೆ ಇಳಿಯುತ್ತದೆ ಅಂತ ತಿಳಿದುಕೊಳ್ಳಿ. ಆ ಅಂಕಿಯನ್ನು ತಾರೀಕು ಸಮೇತ ಡಬ್ಬಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಸಿ. ಮಳೆಗಾಲದಲ್ಲಿ ನಿಧಾನ ಆಯಿತು ಅಂತ ದೂರು ಕೊಟ್ಟಾಗ, ‘ಹಾಕಿದ ದಿನ 19 ಇತ್ತು, ಈಗ 25 ಆಗಿದೆ’ ಅಂತ ಹೇಳಿದರೆ ಬಂದವರು ನೇರವಾಗಿ ವೈರಿಗೆ ಕೈ ಹಾಕುತ್ತಾರೆ. ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಅನ್ನುವ ಮಾತು ಅಲ್ಲಿಗೆ ಮುಗಿಯುತ್ತದೆ.

5ಜಿ ಡಬ್ಬಿಗೆ ವೈರಿನ ತಾಪತ್ರಯ ಇಲ್ಲ, ಮೊಬೈಲ್ ಟವರಿನಿಂದಲೇ ತೆಗೆದುಕೊಳ್ಳುತ್ತದೆ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದಾಗ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ನಿಮ್ಮ ಮನೆ ಗುಡ್ಡದ ಕೆಳಗಿದ್ದರೆ ಸಿಗ್ನಲ್ಲೂ ಕಷ್ಟ. ಮಗ ಊರಿಗೆ ಬಂದಾಗ 5ಜಿ ಫೋನ್ ಹಿಡಿದು ಉಪ್ಪರಿಗೆ ಹತ್ತಿ, ರಾತ್ರಿ ಒಂಬತ್ತರ ಹೊತ್ತಿಗೆ, ಎಲ್ಲರೂ ಫೋನ್ ನೋಡುವ ಸಮಯದಲ್ಲಿ, ಒಂದು ವಿಡಿಯೋ ಕಾಲ್ ಮಾಡಿ ನೋಡಲಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ‘ಮೈಸ್ಪೀಡ್’ ಆ್ಯಪ್‌ನಲ್ಲಿ ಅಳೆದರೂ ಆಯಿತು. ಚೆನ್ನಾಗಿ ಬಂದರೆ ಆ ಸಿಮ್ ಅವನ ಹತ್ತಿರ ಇರಲಿ. ಫೈಬರ್ ಹೋದ ದಿನ ಹಾಟ್‌ಸ್ಪಾಟ್ ಹಾಕಿಕೊಳ್ಳಲು ಸಾಕು.

ಕರೆಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಫೈಬರ್ ಡಬ್ಬಿಗೆ ಬೇಕಾಗುವುದು ಸಾಮಾನ್ಯವಾಗಿ 12 ವೋಲ್ಟ್. ರೂಟರಿಗೆ ಅಂತಲೇ ಮಾರುವ ಸಣ್ಣ ಯುಪಿಎಸ್ ಸಿಗುತ್ತದೆ, ಮೂರು ನಾಲ್ಕು ಗಂಟೆ ನಡೆಯುತ್ತದೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಂಡು ತನ್ನಿ. ಆದರೆ ನಿಮ್ಮ ಡಬ್ಬಿ ಉರಿಯುತ್ತಿದ್ದು, ಆ ಕಡೆ ಫ್ರಾಂಚೈಸಿಯ ಕೋಣೆಯಲ್ಲಿ ಕರೆಂಟ್ ಇಲ್ಲದಿದ್ದರೆ ಏನೂ ಬರುವುದಿಲ್ಲ. ‘ನಿಮ್ಮ ಕಡೆ ಬ್ಯಾಟರಿ ಎಷ್ಟು ಹೊತ್ತು? ಜನರೇಟರ್ ಇದೆಯಾ?’ ಇದನ್ನೂ ಕೇಳಿ.

ಇಷ್ಟೆಲ್ಲ ಕೇಳಿದ ಮೇಲೆ ಯಾರ ಹತ್ತಿರ ಮಿಷನ್ ಇದೆಯೋ, ಯಾರ ಹುಡುಗ ಬೈಕ್ ಹತ್ತಿದರೆ ಅರ್ಧ ಗಂಟೆಯಲ್ಲಿ ನಿಮ್ಮ ಮನೆ ಮುಟ್ಟುತ್ತಾನೋ, ಅವರದ್ದೇ ಹಾಕಿಸಿ. ಅದು 60 ಆಗಿದ್ದರೂ ಸರಿ. ವರ್ಷದ ಪ್ಲಾನ್ ಕಟ್ಟಿದರೆ ರಿಯಾಯಿತಿ ಅಂತ ಹೇಳುತ್ತಾರೆ. ಈಗ ಬೇಡ. ತಿಂಗಳ ಪ್ಲಾನಿನಲ್ಲಿ ಜುಲೈ, ಆಗಸ್ಟ್ ದಾಟಲಿ. ಆಮೇಲೂ ಮನಸ್ಸಿಗೆ ಬಂದರೆ ವರ್ಷದ್ದು ಕಟ್ಟಿ.

ಪ್ರಶ್ನೆ: ನಮ್ಮ ನಾದಿನಿ ಮನೆಯಲ್ಲಿ 100 ಎಂಬಿಪಿಎಸ್ ಅಂತ ಹಾಕಿಸಿದ್ದಾರೆ. ಸಿನಿಮಾ ಡೌನ್‌ಲೋಡ್ ಮಾಡುವಾಗ ಕಂಪ್ಯೂಟರಿನಲ್ಲಿ 11, 12 ಅಷ್ಟೇ ತೋರಿಸುತ್ತದೆ. ಇದು ಮೋಸ ಅಲ್ವಾ? ನಾವೂ ಹಾಕಿಸಬೇಕು ಅಂತಿದ್ದೇವೆ. ಮನೆಯಲ್ಲಿ ನಾಲ್ಕು ಜನ, ಒಂದು ಟಿವಿ. ಎಷ್ಟು ತೆಗೆದುಕೊಳ್ಳಬೇಕು?
— ಗೃಹಿಣಿ, ದಾವಣಗೆರೆ

ಮೋಸ ಅಲ್ಲ. ಕಂಪನಿಯವರು ಬಿಟ್ ಲೆಕ್ಕದಲ್ಲಿ ಹೇಳುತ್ತಾರೆ, ಕಂಪ್ಯೂಟರ್ ಬೈಟ್ ಲೆಕ್ಕದಲ್ಲಿ ತೋರಿಸುತ್ತದೆ. 8 ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮ್ಮ ನಾದಿನಿಗೆ ಸಿಗಬೇಕಾದದ್ದು ಪೂರ್ತಿ ಸಿಗುತ್ತಿದೆ. ಅವರಿಗೆ ಹೇಳಿಬಿಡಿ, ಸಮಾಧಾನ ಆಗಲಿ.

ನಿಮ್ಮ ಮನೆಗೆ ಎಷ್ಟು ಬೇಕು ಅಂತ ಕೂತು ಕೂಡಿಸಿ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಲೆಕ್ಕದಲ್ಲಿ ಒಂದು ಫುಲ್ ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್, 4ಕೆ ಟಿವಿಗೆ 15. ಟಿವಿಯಲ್ಲಿ ಒಂದು, ಮಕ್ಕಳ ಎರಡು ಫೋನು, ಒಂದು ಆನ್‌ಲೈನ್ ಕ್ಲಾಸು ಒಟ್ಟಿಗೇ ನಡೆದರೂ 30-40 ದಾಟುವುದು ಅಪರೂಪ. 40 ಅಥವಾ 50ರ ಪ್ಲಾನ್ ತೆಗೆದುಕೊಳ್ಳಿ. ಸಾಲದಿದ್ದರೆ ಮುಂದಿನ ತಿಂಗಳು ಏರಿಸಬಹುದು, ಅದಕ್ಕೆ ಹೊಸ ವೈರು ಬೇಡ.

ಇನ್ನೊಂದು ವಿಷಯ. ‘ಫ್ರೀ ರೂಟರ್’ ಅಂತ ಕೊಡುವುದು ಸಿಂಗಲ್ ಬ್ಯಾಂಡಾ, ಡ್ಯುಯಲ್ ಬ್ಯಾಂಡಾ ಅಂತ ಕೇಳಿ. ಸಿಂಗಲ್ ಬ್ಯಾಂಡ್ ಅಂದರೆ 2.4 ಗಿಗಾಹರ್ಟ್ಸ್ ಮಾತ್ರ. ಅಕ್ಕಪಕ್ಕದ ಮನೆಯವರೆಲ್ಲ ಅದನ್ನೇ ಬಳಸುವ ಬಡಾವಣೆಯಲ್ಲಿ ಫೋನಿಗೆ 40-50ಕ್ಕಿಂತ ಜಾಸ್ತಿ ಸಿಗುವುದು ಕಷ್ಟ. ಅಂಥ ಡಬ್ಬಿ ಇಟ್ಟು 200ರ ಪ್ಲಾನಿಗೆ ದುಡ್ಡು ಕಟ್ಟುವವರನ್ನು ಬೇಕಾದಷ್ಟು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಜಾಹೀರಾತಿನಲ್ಲಿ 499 ಅಂತಿತ್ತು, ಬಿಲ್ 589 ಬಂತು. ‘ಅನ್‌ಲಿಮಿಟೆಡ್’ ಅನ್ನುತ್ತಾರೆ, ಕೆಳಗೆ ಸಣ್ಣ ಅಕ್ಷರದಲ್ಲಿ 3,300 ಜಿಬಿ ಅಂತಿದೆ. ನಾವು ನಿವೃತ್ತ ದಂಪತಿ. ನಮಗೆ ಬೇಕಾದದ್ದು ಮೊಮ್ಮಕ್ಕಳ ವಿಡಿಯೋ ಕಾಲ್, ಯೂಟ್ಯೂಬ್‌ನಲ್ಲಿ ಸಂಗೀತ ಕಛೇರಿ, ಬ್ಯಾಂಕಿನ ಕೆಲಸ ಅಷ್ಟೇ. ಇದೆಲ್ಲ ಅರ್ಥವಾಗುತ್ತಿಲ್ಲ.
— ಹಿರಿಯ ಓದುಗರು, ಮೈಸೂರು

499ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ ಸರ್, ಅದೇ 589. ಯಾವ ಕಂಪನಿಯಾದರೂ ಇಷ್ಟೇ. ಹೋಲಿಸಿ ನೋಡುವಾಗ ಎಲ್ಲದಕ್ಕೂ ಜಿಎಸ್‌ಟಿ ಸೇರಿಸಿಯೇ ಬರೆದುಕೊಳ್ಳಿ. ಅದರ ಜೊತೆಗೆ ಇನ್‌ಸ್ಟಲೇಶನ್ ಎಷ್ಟು, ಡೆಪಾಸಿಟ್ ಎಷ್ಟು, ಡೆಪಾಸಿಟ್ ವಾಪಸ್ ಬರುತ್ತದಾ ಅಂತ ಕೇಳಿ. ಡೆಪಾಸಿಟ್ಟಿಗೆ ರಸೀದಿ ಇರಲಿ, ವಾಟ್ಸ್ಆ್ಯಪ್‌ನಲ್ಲಿ ಬಂದರೂ ಆಯಿತು. ಬಾಯಿಮಾತು ಬೇಡ.

3,300 ಜಿಬಿ ಅಂದರೆ ತಿಂಗಳಿಗೆ ಪೂರ್ತಿ ಸ್ಪೀಡಿನಲ್ಲಿ ಬಳಸಬಹುದಾದ ಡೇಟಾದ ಮಿತಿ. ಅದರ ಬಗ್ಗೆ ನೀವಿಬ್ಬರೂ ಚಿಂತೆ ಮಾಡಬೇಡಿ. ಎಚ್‌ಡಿ ಸಿನಿಮಾ ಗಂಟೆಗೆ ಹೆಚ್ಚೆಂದರೆ 3 ಜಿಬಿ ತಿನ್ನುತ್ತದೆ. 3,300 ಮುಗಿಯಬೇಕಾದರೆ ಸಾವಿರದ ನೂರು ಗಂಟೆ ನೋಡಬೇಕು. ತಿಂಗಳಲ್ಲಿ ಇರುವುದೇ 720 ಗಂಟೆ. ಆದರೆ ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಈ ಮಿತಿ ತುಂಬಾ ಕಡಿಮೆ ಇರುತ್ತದೆ. ಆ ಮಿತಿ ಮುಗಿದ ಮೇಲೆ ಸ್ಪೀಡ್ ಕೆಳಗಿಳಿಯುತ್ತದೆ. ಸಣ್ಣ ಅಕ್ಷರ ಓದಿದ್ದು ಒಳ್ಳೆಯದೇ ಆಯಿತು.

ಓಟಿಟಿ (ನೆಟ್‌ಫ್ಲಿಕ್ಸ್ ಥರದ ಸಿನಿಮಾ ಸೇವೆ) ಸೇರಿಸಿದ ಪ್ಲಾನ್ ಬೇಡ ಅನ್ನಿ. ನಿಮಗೆ ಬೇಕಾದದ್ದು ಮೊಮ್ಮಕ್ಕಳ ವಿಡಿಯೋ ಕಾಲ್, ಯೂಟ್ಯೂಬ್‌ನಲ್ಲಿ ಸಂಗೀತ ಕಛೇರಿ, ಬ್ಯಾಂಕಿನ ಕೆಲಸ ಅಂತ ಬರೆದಿದ್ದೀರಿ. 30 ಎಂಬಿಪಿಎಸ್‌ನ ಪ್ಲಾನ್ ಧಾರಾಳ ಸಾಕು.

ಕನೆಕ್ಷನ್ ಬಂದ ಮೇಲೆ ಒಂದು ಎಚ್ಚರ. ‘ನಿಮ್ಮ ಇಂಟರ್ನೆಟ್ ಇವತ್ತು ಬಂದ್ ಆಗುತ್ತದೆ, ಈ ಆ್ಯಪ್ ಹಾಕಿಕೊಳ್ಳಿ’ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ನಿಮ್ಮ ಫೋನಿನ ಪರದೆ ಅವರಿಗೆ ಕಾಣುವಂಥ ಆ್ಯಪ್ ಅದು. ಓಟಿಪಿ ಬಂದರೂ ಓದಿಬಿಡುತ್ತಾರೆ. ಅಪ್ಪಿತಪ್ಪಿ ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡಮಾಡಿದಷ್ಟೂ ದುಡ್ಡು ಹಿಡಿಯುವುದು ಕಷ್ಟ.

ಪ್ರಶ್ನೆ: ಹಳೇ ಕಾಲದ ದೊಡ್ಡ ಮನೆ, ಎರಡಡಿ ದಪ್ಪದ ಮಣ್ಣಿನ ಗೋಡೆ. ಫೈಬರ್ ಹಾಕಲು ನಾಡಿದ್ದು ಬರುತ್ತಾರೆ. ಡಬ್ಬಿ ಎಲ್ಲಿಡಿಸಬೇಕು? ಮಗಳು ಓದುವುದು ಉಪ್ಪರಿಗೆಯಲ್ಲಿ.
— ಶಿರಸಿ ಹತ್ತಿರದಿಂದ

ಅವರು ಡ್ರಿಲ್ ತೆಗೆಯುವ ಮುಂಚೆ ಈ ಪ್ರಶ್ನೆ ಕೇಳಿದಿರಲ್ಲ, ಖುಷಿಯಾಯಿತು. ಬಂದವರಿಗೆ ಜಗುಲಿ ಬಾಗಿಲ ಪಕ್ಕದಲ್ಲೇ ತೂತು ಹೊಡೆದು ಅಲ್ಲೇ ಡಬ್ಬಿ ಕೂರಿಸುವುದು ಸುಲಭ. ಬೇಡ ಅನ್ನಿ. ವೈಫೈಗೆ ದಪ್ಪ ಮಣ್ಣಿನ ಗೋಡೆ ದಾಟುವುದು ಬಹಳ ಕಷ್ಟ, ಮರದ ಹಲಗೆ ದಾಟುವುದು ಸುಲಭ. ನಿಮ್ಮ ಉಪ್ಪರಿಗೆಗೆ ಹಲಗೆಯ ಹಾಸು ಇರುತ್ತದಲ್ವಾ? ಹಾಗಿದ್ದರೆ ನಡುಮನೆಯಲ್ಲಿ, ಮಗಳು ಓದುವ ಕೋಣೆಯ ನೇರ ಕೆಳಗೆ, ತೊಲೆಯ ಹತ್ತಿರ ಎತ್ತರದಲ್ಲಿ ಇಡಿಸಿ. ಪಕ್ಕದ ಕೋಣೆಗಿಂತ ಮೇಲಿನ ಕೋಣೆಗೆ ಚೆನ್ನಾಗಿ ಸಿಗುತ್ತದೆ. ಕಬ್ಬಿಣದ ಬೀರು, ಫ್ರಿಜ್ ಹಿಂದೆ ಇಡಬೇಡಿ.

ಡಬ್ಬಿಯಲ್ಲಿ ಎರಡು ಹೆಸರಿನ ವೈಫೈ ಬಂದರೆ, ದೂರದ ಕೋಣೆಗೆ 2.4 ಗಿಗಾಹರ್ಟ್ಸ್‌ನದನ್ನು ಹಾಕಿಕೊಳ್ಳಿ. 5 ಗಿಗಾಹರ್ಟ್ಸ್‌ನದು ವೇಗ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಅಷ್ಟಾದರೂ ಸಿಗದಿದ್ದರೆ ಡಬ್ಬಿಯಿಂದ ಉಪ್ಪರಿಗೆಗೆ ಒಂದು ಲ್ಯಾನ್ ವೈರು (ಇಂಟರ್ನೆಟ್ ಸಾಗಿಸುವ ತಾಮ್ರದ ವೈರು) ಎಳೆದು ಅಲ್ಲೊಂದು ಸಾದಾ ರೂಟರ್ ಇಡಿ. ಸಿಗ್ನಲ್ ‘ಎಕ್ಸ್‌ಟೆಂಡರ್’ ಅಂತ ಮಾರುವುದಕ್ಕಿಂತ ಈ ವೈರೇ ನನಗೆ ನಂಬಿಕೆ.

ಪ್ರಶ್ನೆ: ಗುಡುಗು ಸಿಡಿಲು ಬಂದಾಗ ಫೈಬರ್ ವೈರು ತೆಗೆದಿಡಬೇಕಾ? ಹಿಂದೆ ಟೆಲಿಫೋನ್ ಮೋಡೆಮ್ ಎರಡು ಸುಟ್ಟುಹೋಗಿತ್ತು.
— ಕೃಷಿಕ, ಬೆಳ್ತಂಗಡಿ

ಫೈಬರ್ ಕಿತ್ತು ಇಡಬೇಡಿ, ಅದರ ತುದಿಗೆ ಧೂಳು ಕೂತರೆ ಬೇರೆ ತೊಂದರೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ತೆಗೆಯಬೇಕಾದದ್ದು ಅಡಾಪ್ಟರ್, ಅದನ್ನು ಪ್ಲಗ್‌ನಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಡಬ್ಬಿಯಿಂದ ಟಿವಿಗೆ, ಕಂಪ್ಯೂಟರಿಗೆ ಲ್ಯಾನ್ ವೈರು ಹೋಗಿದ್ದರೆ ಅದನ್ನೂ ತೆಗೆಯಿರಿ, ಅದು ತಾಮ್ರ. ಮತ್ತೆ, ಕಂಬದಿಂದ ಬರುವ ಫೈಬರ್ ವೈರಿನ ಜೊತೆ ಗಟ್ಟಿಯಾಗಿರಲಿ ಅಂತ ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗಡೆಯೇ ಹುಕ್ಕಿಗೆ ಕಟ್ಟಿ ಕತ್ತರಿಸಿರಬೇಕು. ನಿಮ್ಮಲ್ಲಿ ಅದು ಒಳಗೆ ಡಬ್ಬಿಯವರೆಗೂ ಬಂದಿದ್ದರೆ ಮಳೆ ಹಿಡಿಯುವ ಮುಂಚೆ ಲೈನ್ ಹುಡುಗನನ್ನು ಕರೆಸಿ ಸರಿಮಾಡಿಸಿ.

ಪ್ರಶ್ನೆ: ಬಾಡಿಗೆ ಮನೆ. ಹೋದ ಮನೆಯಲ್ಲಿ ಇಂಟರ್ನೆಟ್ ಹಾಳಾದಾಗ ದಿನಾ ಫೋನ್ ಮಾಡಿದರೂ ‘ನಾಳೆ’ ಅನ್ನುತ್ತಿದ್ದರು. ಈ ಮನೆಯಲ್ಲಿ ಹಾಕಿಸಲು ಭಯ. ದೂರು ಕೊಡುವ ಸರಿಯಾದ ದಾರಿ ಯಾವುದು?
— ಉದ್ಯೋಗಿ, ಹುಬ್ಬಳ್ಳಿ

ಲೈನ್ ಹುಡುಗನಿಗೆ ಫೋನ್ ಮಾಡುವುದು ಬೇಗ ಕೆಲಸ ಆಗಲಿ ಅಂತ. ಆದರೆ ಅದು ದೂರು ಅಲ್ಲ. ಅವನಿಗೆ ಹೇಳಿದ ದಿನವೇ ಕಂಪನಿಯ ಕಸ್ಟಮರ್ ಕೇರ್‌ಗೂ ಫೋನ್ ಮಾಡಿ ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ತೆಗೆದುಕೊಳ್ಳಿ. ನಂಬರ್ ಇಲ್ಲದ ದೂರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆಮೇಲೆ ಯಾರೂ ಅದಕ್ಕೆ ಜವಾಬು ಕೊಡಬೇಕಾಗಿಲ್ಲ. ನಮ್ಮ ಎಕ್ಸ್‌ಚೇಂಜ್‌ನಲ್ಲಿ ಬೆಳಗ್ಗೆ ಮೊದಲ ಕೆಲಸವೇ ಬಾಕಿ ನಂಬರುಗಳ ಪಟ್ಟಿ ಹಿಡಿದು ಕೂರುವುದಾಗಿತ್ತು. ಪಟ್ಟಿಯಲ್ಲಿ ಇದ್ದವರಿಗೆ ಲೈನ್‌ಮನ್ ಹೋಗುತ್ತಿದ್ದ.

ಡಾಕೆಟ್ ಕೊಟ್ಟೂ ಸರಿಮಾಡದಿದ್ದರೆ ಅದೇ ಕಂಪನಿಯ ಅಪೀಲ್ ಅಧಿಕಾರಿಗೆ ಬರೆಯಿರಿ. ಟ್ರಾಯ್ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ಆ ವ್ಯವಸ್ಥೆ ಇರಬೇಕು, ಅದಕ್ಕೆ ಶುಲ್ಕ ಇಲ್ಲ. ವಿಳಾಸ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಲ್ಲ ಕಡೆಯೂ ಅವರು ಕೇಳುವುದು ಆ ಡಾಕೆಟ್ ನಂಬರನ್ನೇ. ಫೋನ್ ಮಾಡುವುದರ ಜೊತೆಗೆ, ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಬರೆದಿರುವ ಕೆಂಪು ದೀಪ ಉರಿಯುತ್ತಿದ್ದರೆ ಅದರ ಫೋಟೋ ತೆಗೆದಿಡಿ. ಬೆಳಕು ಮನೆಗೆ ಬರುತ್ತಿಲ್ಲ, ತಪ್ಪು ನಿಮ್ಮ ರೂಟರಿನದಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಬಾಡಿಗೆ ಮನೆಯವರು ತಿಂಗಳ ಪ್ಲಾನ್ ಮಾತ್ರ ಕಟ್ಟಿ. ಗೋಡೆ ಕೊರೆಯುವ ಮುಂಚೆ ಓನರ್‌ಗೆ ಒಂದು ಮಾತು ಹೇಳಿ. ಮನೆ ಬಿಡುವಾಗ ಡಬ್ಬಿಯನ್ನು ಅಲ್ಲೇ ಬಿಟ್ಟು ಬರಬೇಡಿ. ಕಂಪನಿಗೆ ವಾಪಸ್ ಕೊಟ್ಟು, ಅದರ ಸೀರಿಯಲ್ ನಂಬರ್ ಬರೆಸಿದ ರಸೀದಿ ತೆಗೆದುಕೊಂಡು, ಡೆಪಾಸಿಟ್ ಕೇಳಿ.